ಹಗ್ಗ ತಡೆಯುವ ಹತ್ತರಿ

ಆಗ ನನಗೆ ಅರವತ್ತಾರು. ಅದಾಗಿ ಈಗ ಐದು ವರ್ಷವಾಯಿತು. ಆ ವಯಸ್ಸಿಗೆ ನಮ್ಮ ಬೀದಿಯ ಹೆಂಗಸರು ಮೊಮ್ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬಂದು ಟೀವಿ ಮುಂದೆ ಕಾಲು ಚಾಚುತ್ತಾರೆ. ನಾನು ಒಂದು ಹತ್ತರಿ ಹುಡುಕಿಕೊಂಡು ಯಲಹಂಕದಿಂದ ಯಶವಂತಪುರಕ್ಕೆ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಿದ್ದೆ.

ಹತ್ತರಿ ಅಂದರೆ ಮರ ನಯ ಮಾಡುವ ಸಾಮಾನು. ತಳದ ಸೀಳಿನಲ್ಲಿ ಅಲಗು ಇರುತ್ತದೆ. ಹಲಗೆಯ ಮೇಲೆ ಇಟ್ಟು ತಳ್ಳಿದರೆ ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಏಳುತ್ತದೆ. ಕೆಲವರು ರಂದ ಅನ್ನುತ್ತಾರೆ, ಕೆಲವರು ತೋಪಡ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಹತ್ತರಿ.

ನಮ್ಮದು ಯಲಹಂಕ ಹಳೇ ಊರಿನ ಬಡಗಿ ಮನೆ. ಮನೆಯ ಗೋಡೆಗೆ ಒರಗಿಸಿದ ಹಾಗೆ ಒಂದು ಶೀಟಿನ ಶೆಡ್ಡು, ಅದೇ ಕೆಲಸದ ಜಾಗ. ಅಲ್ಲಿ ನನ್ನ ಮಾವನ ಕಾಲದ ಒಂದು ಮರದ ಹತ್ತರಿ ಇತ್ತು, ಮೊಳಕ್ಕಿಂತ ಉದ್ದ. ಅದು ಇಬ್ಬರು ಮಾಡುವ ಹತ್ತರಿ. ಹಿಂದೆ ಹಿಡಿ, ಮುಂದೆ ಅಡ್ಡ ಗೂಟ, ಗೂಟಕ್ಕೆ ಹಗ್ಗ. ಹಿಂದಿನವರು ತಳ್ಳಬೇಕು, ಎದುರಿಗೆ ಕೂತವರು ಎಳೆಯಬೇಕು. ಅಗಲದ ಹಲಗೆ ಬಂದರೆ, ಗಟ್ಟಿ ಮರ ಬಂದರೆ, ಒಬ್ಬರ ಕೈಲಿ ಆಗುವ ಕೆಲಸವಲ್ಲ ಅದು. ಮೊದಲು ನಮ್ಮ ಅತ್ತೆ ಎಳೆಯುತ್ತಿದ್ದರು. ನಾನು ಮದುವೆಯಾಗಿ ಬಂದ ಸ್ವಲ್ಪ ದಿನಕ್ಕೆ ಹಗ್ಗ ನನ್ನ ಕೈಗೆ ಬಂತು. ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮುದ್ದೆ ತೊಳಸುವ ಹಿಟ್ಟಿನ ಕೋಲು ಕೈಗೆ ಬಂದ ಹಾಗೆ ಅದೂ ಬಂತು.

ಅದಕ್ಕೆ ಒಂದೇ ಕಟ್ಟಳೆ. ತಳ್ಳುವವರು "ಹೂಂ" ಅನ್ನಬೇಕು, ಆ ಹೂಂಗೆ ಸರಿಯಾಗಿ ಎದುರಿನವರು ಎಳೆಯಬೇಕು. ಒಂದು ಚೂರು ಮೊದಲಾದರೆ ಹತ್ತರಿ ಮೂತಿ ಎತ್ತುತ್ತದೆ. ತಡವಾದರೆ ತಳ್ಳುವವರ ಮಣಿಕಟ್ಟಿಗೆ ಏಟು. ನಲವತ್ತು ವರ್ಷ ನಮ್ಮ ಯಜಮಾನರ ಬಾಯಲ್ಲಿ ನಾನು ಕೇಳಿದ್ದು ನನ್ನ ಹೆಸರಿಗಿಂತ ಈ ಹೂಂ ಹೆಚ್ಚು.

ಆ ವರ್ಷದ ಹಿಂದಿನ ದೀಪಾವಳಿ ಕಳೆದ ಮೇಲೆ ಯಜಮಾನರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು. ಬಲಗಾಲು ಎಳೆದುಕೊಂಡು ನಾಲ್ಕು ಹೆಜ್ಜೆ ಹಾಕುವ ಮಟ್ಟಕ್ಕೆ ಬಂದರು. ಬಾಯಿ ಮಾತ್ರ ಹೋಗಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ದಾರಿಯಲ್ಲಿ ಹೋಗುವವರ ಕೆಲಸಕ್ಕೆಲ್ಲ ತಪ್ಪು ಹುಡುಕುತ್ತಾ ಕೂರುತ್ತಿದ್ದರು. ಒಳಗೆ ಕೆಲಸ ನಿಂತಿತ್ತು. ಮೂಲೆ ಮನೆಯ ನೀರಿನ ಕ್ಯಾನಿನವನು ಬಂದು, ಶೆಡ್ಡು ಖಾಲಿ ಇದ್ದರೆ ಬಾಡಿಗೆಗೆ ಕೊಡಿ, ಕ್ಯಾನ್ ಇಡೋಕೆ ಜಾಗ ಬೇಕು ಅಂತ ಒಂದು ಸಲ ಕೇಳಿ ಹೋಗಿದ್ದ. ಇವರು ಆಗಲಿ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

ಹಾಗಿದ್ದಾಗ ಕೆರೆ ಕಡೆ ಬೀದಿಯ ಒಬ್ಬ ಹೆಂಗಸು ಆಟೋದಲ್ಲಿ ಎರಡು ಹಲಗೆ ಹಾಕಿಕೊಂಡು ಬಂದಳು. ಹಲಸಿನ ಹಲಗೆ.

"ಅಣ್ಣ, ಮಗಳ ಮದ್ವೆ ಇಟ್ಕೊಂಡಿದೀವಿ. ಹಸೆಮಣೆ ಜೋಡಿ ಮಾಡ್ಕೊಡಿ. ನನ್ ಮದ್ವೆ ಮಣೇನೂ ನಿಮ್ಮಪ್ಪಾರೇ ಮಾಡಿದ್ದು."

"ಮೆಷಿನ್ ಅಂಗ್ಡಿ ಅವೆಯಲ್ಲಮ್ಮ ಈಗ ಎಲ್ಲಾ ಕಡೆ," ಅಂದರು ಇವರು.

"ಹೋಗಿದ್ದೆ ಕಣಣ್ಣ. ಸಹಕಾರನಗರದ ತಾವ ಒಬ್ಬ ಅವ್ನೆ. ಮರದಾಗೆ ಮೊಳೆ ಅವೆ, ನನ್ ಬ್ಲೇಡ್ ಮುರೀತದೆ ಅಂತ ವಾಪಸ್ ಕೊಟ್ಟ. ಹಿತ್ತಲ ಮರ ನೋಡಿ. ಬಟ್ಟೆ ಹಗ್ಗ ಕಟ್ಟೋಕೆ, ಉಯ್ಯಾಲೆ ಕಟ್ಟೋಕೆ, ಎಲ್ಲಾದಕ್ಕೂ ಮೊಳೆ ಹೊಡ್ದಿದ್ವಿ. ಮನೆ ಕಟ್ಟೋವಾಗ ಮರ ತೆಗೆಸ್ಬಿಟ್ವಿ. ಇವೆರಡು ಹಲಗೆ ಮಾತ್ರ ಇವಳ ಮದ್ವೆಗೆ ಅಂತ ಅಟ್ಟದ ಮೇಲೆ ಇಟ್ಟಿದ್ದೆ. ಬೇರೆ ಮರ ಇಲ್ಲ."

ಯಜಮಾನರು ಬಲಗೈಯನ್ನು ಟವೆಲಿನ ಕೆಳಗೆ ಇಟ್ಟುಕೊಂಡಿದ್ದರು. ಆ ಹೆಂಗಸಿಗೆ ಗೊತ್ತಾಗಲಿಲ್ಲ. "ಬಿಟ್ಟೋಗಮ್ಮ. ಆಯ್ತದೆ," ಅಂದರು.

ಅವಳು ಆಟೋ ಹತ್ತಿದ ಮೇಲೆ ನಾನು ಕೇಳಿದೆ, "ಯಾರ ಕೈಲಿ ಆಯ್ತದೆ?"

"ನೋಡಾನ ಬಿಡು."

"ನೋಡಿದ್ರೆ ಮರ ನಯ ಆಗಲ್ಲ."

"ನೀನಿದೀಯಲ್ಲ."

"ನಾನು ಎಳೆಯೋಳು."

"ಎಳೆಯಕ್ಕೆ ಬರೋಳಿಗೆ ತಳ್ಳಕ್ಕೆ ಬರಲ್ವಾ? ಎರಡೂ ಒಂದೇ ದಾರಿ ಅಲ್ವೇನೇ?"

"ಒಂದೇ ದಾರಿ. ನೀವು ಒಂದಿನ ಎಳೆದು ನೋಡಿದೀರಾ?"

ಅವರು ಬೀದಿ ಕಡೆ ನೋಡಿಕೊಂಡು ಅಂದರು, "ಇದೊಂದು ಆಗ್ಲಿಲ್ಲ ಅಂದ್ರೆ ಶೆಡ್ಡು ಆ ನೀರಿನೋನಿಗೆ ಕೊಟ್ಬಿಡಾನ. ಸುಮ್ನೆ ಬಾಗ್ಲು ತೆಕ್ಕೊಂಡು ಕೂತ್ಕೊಳ್ಳೋದ್ಯಾಕೆ."

ಕೊಟ್ಟುಬಿಟ್ಟರೆ ಇವರು ಎಲ್ಲಿ ಕೂರುತ್ತಾರೆ ಅಂತ ನಾನು ಲೆಕ್ಕ ಹಾಕಿದೆ. ಮನೆ ಒಳಗೆ, ಅಡುಗೆ ಮನೆ ಎದುರಿಗೆ, ದಿನವಿಡೀ. ನನ್ನ ಒಗ್ಗರಣೆಗೂ ತಪ್ಪು ಹುಡುಕಿಕೊಂಡು. ಮಣೆ ಆಗಲೇಬೇಕು ಅನ್ನಿಸಿತು.

ಮೊದಲು ಮೊಳೆ ತೆಗೆದೆ. ಇವರು ಕುರ್ಚಿಯಲ್ಲಿ ಕೂತು ಬೆರಳು ತೋರಿಸಿದರು, ನಾನು ಉಳಿಯಿಂದ ಸುತ್ತಲೂ ಬಿಡಿಸಿ ಇಕ್ಕಳದಲ್ಲಿ ಕಿತ್ತೆ. ತುಕ್ಕು ಹಿಡಿದ ಮೊಳೆಗಳು ಅರ್ಧಕ್ಕೇ ಮುರಿಯುತ್ತಿದ್ದವು. ಅದಕ್ಕೇ ಎರಡು ದಿನ ಹಿಡಿಯಿತು. ಆಮೇಲೆ ಶೆಡ್ಡಿನ ಮೂಲೆಯಿಂದ ಮಾವನ ಹತ್ತರಿ ಎತ್ತಿದೆ. ಎತ್ತಿದ್ದು ಮೇಲೆ ಬಂತು, ತಳ ನೆಲದಲ್ಲೇ ಉಳಿಯಿತು. ಒಂದು ಮಳೆಗಾಲ ಯಾರೂ ಮುಟ್ಟದೆ ಬಿದ್ದಿದ್ದಕ್ಕೆ ಗೆದ್ದಲು ಒಳಗೊಳಗೇ ತಿಂದು ಹಾಕಿತ್ತು. ಮೇಲೆ ನೋಡಿದರೆ ಮರ, ಒಳಗೆ ಬರೀ ಮಣ್ಣು. ಅಲಗು ಒಂದು ಚೆನ್ನಾಗಿತ್ತು.

ಯಜಮಾನರು ಅದನ್ನು ತೊಡೆ ಮೇಲೆ ಇಟ್ಟುಕೊಂಡು ಎಡಗೈಯಲ್ಲಿ ತುಂಬಾ ಹೊತ್ತು ತಟ್ಟಿ ತಟ್ಟಿ ಮಣ್ಣು ಉದುರಿಸಿದರು. "ಹಿಂದ್ಗಡೆ ಗಟ್ಟಿ ಅದೆ," ಅಂದರು.

"ಹಿಂದ್ಗಡೆ ಇಟ್ಕೊಂಡು ಏನ್ ಮಾಡ್ತೀರಾ?"

"ಸೌದೆ ಗುಡ್ಡೆಗೆ ಹಾಕ್ಬೇಡ. ಅಲ್ಲೇ ಇರ್ಲಿ."

ಅಲ್ಲೇ ಇಟ್ಟೆ.

ಹೊಸದೊಂದು ಕೊಳ್ಳಬೇಕಾಯಿತು. ಅಲ್ಲಿಂದ ನಮ್ಮ ಜಗಳ ಶುರು. ಹಳೇದೇ ಆಗಬೇಕು ಅಂತ ಅವರು. ಹಳೇ ಕಬ್ಬಿಣ ಕಬ್ಬಿಣ, ಈಗಿನದು ತಗಡು, ಯಶವಂತಪುರದಲ್ಲಿ ಗುಜರಿ ಸಾಬರು ಇದ್ದಾರೆ, ಅವರ ಹತ್ತಿರ ಹಳೇ ಕಾರ್ಖಾನೆಗಳಿಂದ ಬಂದ ಹತ್ತರಿ ಸಿಗುತ್ತವೆ, ಅದನ್ನೇ ತಾ ಅಂದರು. ಹಳೇದನ್ನು ನಾನು ಕಂಡಿದ್ದೆ. ಕಲ್ಲು ಗುಂಡಿನ ಹಾಗಿರುತ್ತವೆ. ತಳ್ಳುವ ಮಣಿಕಟ್ಟು ನನ್ನದು, ಅವರದಲ್ಲ. ಹಳೇ ಕಬ್ಬಿಣ ಅನ್ನುವ ಹೆಸರಿಗೆ ಮರ ನಯವಾಗುವುದಿಲ್ಲ. ನನಗೆ ಹಗುರವಾದದ್ದು ಬೇಕು ಅಂತ ದೊಡ್ಡಬಳ್ಳಾಪುರ ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ.

"ಯಜಮಾನ್ರು ಕಳ್ಸಿದ್ರಾಮ್ಮ?" ಅಂದ ಅಂಗಡಿಯವನು.

"ಅವರು ಕಳ್ಸಿದ್ದು ಯಶವಂತಪುರಕ್ಕೆ. ನಾನು ಇಲ್ಲಿಗೆ ಬಂದೆ."

"ಯಾರಿಗೆ ಹತ್ತರಿ?"

"ನಂಗೆ."

ಅವನು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದ. ಆಮೇಲೆ ಒಂದು ಡಬ್ಬಿ ತೆಗೆದ. ನೀಲಿ ಬಣ್ಣದ ಕಬ್ಬಿಣ, ಹಿಂದೆ ಪ್ಲಾಸ್ಟಿಕ್ ಹಿಡಿ, ಮುಂದೆ ಹಿಡಿದುಕೊಳ್ಳಲು ಪ್ಲಾಸ್ಟಿಕ್ ಗುಬುಟು, ಅಲಗು ಏರಿಸಿ ಇಳಿಸಲು ಹಿತ್ತಾಳೆ ಬಣ್ಣದ ತಿರುಪು. ಕೈಯಲ್ಲಿ ಎತ್ತಿದೆ. ಹಗುರ. ಅಂಗಡಿಯ ಗಾಜಿನ ಮೇಲೆ ಮಗುಚಿ ಇಟ್ಟು ಒಂದು ಮೂಲೆ ಒತ್ತಿದೆ. ಕುಂಟು ಸ್ಟೂಲಿನ ಹಾಗೆ ಟಕ್ ಟಕ್ ಅಂತ ಆಡಿತು.

"ತಳ ಸೊಟ್ಟ," ಅಂದೆ.

"ಎಲ್ಲಾ ಹಂಗೇ ಬರೋದಮ್ಮ ಈಗ. ಉಜ್ಕೋಬೇಕು. ಬೇರೆ ಬೇಕಿದ್ರೆ ತೆಗೀತೀನಿ, ಅದೂ ಸೊಟ್ಟನೇ. ಒಂದೊಂದು ಒಂದೊಂದ್ ಕಡೆ ಸೊಟ್ಟ, ಅಷ್ಟೇ."

ನಿಜ ಹೇಳಿದ್ದಕ್ಕೆ ತೆಗೆದುಕೊಂಡೆ.

ಮನೆಯಲ್ಲಿ ಅಡುಗೆ ಕಟ್ಟೆಯ ಕಡಪ ಕಲ್ಲಿನ ಮೇಲೆ ಉಪ್ಪುಕಾಗದ ಹಾಸಿ ಆ ಹತ್ತರಿಯ ತಳ ಉಜ್ಜಿದೆ. ಬೆಳಿಗ್ಗೆ ಮುದ್ದೆ ಕಟ್ಟಿ ಎದ್ದವಳು ಮಧ್ಯಾಹ್ನದವರೆಗೆ ಉಜ್ಜಿದೆ. ಅದೇ ಕಟ್ಟೆ ತೊಳೆದು ಅಲ್ಲೇ ಅನ್ನಕ್ಕಿಟ್ಟೆ. ಮಾರನೆಯ ದಿನ ಅಲಗನ್ನು ಸಾಣೆಕಲ್ಲಿಗೆ ಹಿಡಿದೆ. ಇವರು ಕುರ್ಚಿಯಿಂದ, "ಹೊಸ ಸಾಮಾನು ತಂದು ಹಳೇದು ಮಾಡ್ತಾ ಅವ್ಳೆ ನೋಡು," ಅಂತ ದಾರಿಹೋಕರಿಗೆ ಹೇಳಿ ನಗಿಸಿದರು. ನಾನು ತಿರುಗಿ ನೋಡಲಿಲ್ಲ. ತಿರುಗಿ ನೋಡುವುದಕ್ಕೂ ಕತ್ತು ಬೇಕಲ್ಲ, ಉಜ್ಜಿ ಉಜ್ಜಿ ಅದೂ ಹಿಡಿದುಕೊಂಡಿತ್ತು.

ಆ ಹತ್ತರಿ ಸಿಪ್ಪೆ ತೆಗೆಯಿತು. ಸುಳ್ಳು ಹೇಳಬಾರದು. ಮೊದಲ ಸುರುಳಿ ಬಂದಾಗ ಹಲಸಿನ ಹಳದಿ ಬಣ್ಣ ಕಂಡಿತು, ಇವರೂ ಕುರ್ಚಿಯಿಂದ ಬಗ್ಗಿ ನೋಡಿದರು. ಆದರೆ ಹಲಸಿನ ಮರದೊಳಗಿನ ಎಳೆ ನೇರ ಹೋಗುವುದಿಲ್ಲ. ಇಲ್ಲಿ ಈ ಕಡೆ, ಅಲ್ಲಿ ಆ ಕಡೆ. ಹತ್ತರಿಗೆ ತೂಕ ಇಲ್ಲದ್ದಕ್ಕೆ ಎಳೆ ತಿರುಗಿದ ಕಡೆಯಲ್ಲೆಲ್ಲ ಕುಣಿಯುತ್ತಿತ್ತು. ಕುಣಿಯದ ಹಾಗೆ ಅದುಮಿ ಹಿಡಿಯಬೇಕು, ಅದುಮುತ್ತಲೇ ತಳ್ಳಬೇಕು. ಹಗುರದ ಸಾಮಾನಿಗೆ ತೂಕ ನಾನೇ ಕೊಡಬೇಕು ಅಂತ ಅಂಗಡಿಯಲ್ಲಿ ಹೊಳೆದಿರಲಿಲ್ಲ. ಒಂದು ವಾರದಲ್ಲಿ ಒಂದು ಹಲಗೆಯ ಒಂದು ಮುಖ ಅರ್ಧ ಆಯಿತು. ಮಣಿಕಟ್ಟು ಊದಿಕೊಂಡಿತು. ಬಳೆ ತೆಗೆದಿಟ್ಟೆ. ಚೊಂಬು ಎತ್ತಲು ಆಗದೆ ಎಡಗೈಯಲ್ಲಿ ನೀರು ಕುಡಿದೆ. ಮನೆಯಲ್ಲಿ ಇಬ್ಬರೂ ಎಡಗೈಯವರಾದೆವು.

ಆಗ ಯಜಮಾನರೇ ಅಂದರು, "ಹಗ್ಗ ಕಟ್ಟು."

"ಯಾವ್ದಕ್ಕೆ?"

"ಅದರ ಮುಂದ್ಗಡೆ ಗುಬುಟಿಗೆ. ನಾನ್ ಎಳೀತೀನಿ. ಎಡಗೈ ಇದೆಯಲ್ಲ."

ಒಬ್ಬರು ಮಾಡುವ ಹತ್ತರಿಗೆ ಹಗ್ಗ ಕಟ್ಟುವ ಬುದ್ಧಿ ನಮ್ಮಂಥವರಿಗೇ ಬರುವುದು. ಕಟ್ಟಿದೆ. ಇವರು ಕುರ್ಚಿಯನ್ನು ಹಲಗೆಯ ತುದಿಗೆ ಎಳೆಸಿಕೊಂಡು ಕೂತರು. ನಾನು ತಳ್ಳಿದೆ, ಇವರು ಮೈಯೆಲ್ಲ ಹಾಕಿ ಎಳೆದರು. ಟಪ್ ಅಂದಿತು. ಪ್ಲಾಸ್ಟಿಕ್ ಗುಬುಟು ಹಗ್ಗದ ಜೊತೆ ಅವರ ತೊಡೆ ಮೇಲೆ ಹೋಗಿ ಬಿತ್ತು, ಕುರ್ಚಿ ಹಿಂದಕ್ಕೆ ವಾಲಿ ಗೋಡೆಗೆ ಬಡಿಯಿತು. ಗೋಡೆ ಇದ್ದದ್ದಕ್ಕೆ ಉಳಿದರು.

"ಹೇಳ್ದೆ ನಾನು," ಅಂದರು, ವಾಲಿದ ಕುರ್ಚಿಯಲ್ಲೇ. "ತಗಡು."

"ಮೊದ್ಲು ಎದ್ದೇಳಿ, ಆಮೇಲೆ ಹೇಳಿ."

ಮುರಿದದ್ದನ್ನು ಅಂಗಡಿಗೆ ತೆಗೆದುಕೊಂಡು ಹೋದೆ. ಅವನು ಗುಬುಟು ತಿರುಗಿಸಿ ನೋಡಿ, "ಹೆಂಗಮ್ಮ ಮುರೀತು?" ಅಂದ. ಹಗ್ಗ ಕಟ್ಟಿ ಎಳೆದೆವು ಅಂದೆ. "ಹಗ್ಗನಾ? ಹತ್ತರಿಗೆ ಹಗ್ಗ ಯಾರ್ ಕಟ್ತಾರಮ್ಮ?" ಅಂತ ಪಕ್ಕದ ಅಂಗಡಿಯವನನ್ನೂ ಕರೆದು ಹೇಳಿದ. ಇಬ್ಬರೂ ನಕ್ಕರು. ನಗಲಿ. ಬೇರೆ ಗುಬುಟು ಇದೆಯಾ ಅಂದರೆ ಬಿಡಿ ಬರುವುದಿಲ್ಲ ಅಂದ. ಸಂಜೆ ಇವರ ಮುಂದೆ ಕೂತು ಕಾಲಿಗೆ ಎಣ್ಣೆ ಹಚ್ಚುತ್ತಾ, "ನಾಳೆ ಯಶವಂತಪುರಕ್ಕೆ ಹೋಗ್ತೀನಿ," ಅಂದೆ. ಅವರು ಗೆದ್ದೆ ಅನ್ನಲಿಲ್ಲ. ಅಷ್ಟರ ಮಟ್ಟಿಗೆ ಬುದ್ಧಿ ಇತ್ತು.

ಯಶವಂತಪುರದಲ್ಲಿ ಇಳಿದು ಮಾರ್ಕೆಟ್ಟಿನ ಹಿಂದಿನ ಗುಜರಿ ಸಾಲಿನಲ್ಲಿ ಕೇಳಿಕೊಂಡು ಹೋದೆ. ಸಾಬರು ನನ್ನಷ್ಟೇ ವಯಸ್ಸಿನವರು, ಬಿಳೀ ಗಡ್ಡ. ಹಳೇ ಮೋಟಾರು, ಗರಗಸ, ಸರಪಳಿ, ಬೀಗಗಳ ಗುಡ್ಡೆಯ ನಡುವೆ ಒಂದು ಬಸ್ಸಿನ ಸೀಟು ಹಾಕಿಕೊಂಡು ಕೂತಿದ್ದರು. ನಾನು ಊರು, ಯಜಮಾನರ ಹೆಸರು ಹೇಳಿದೆ. ಒಳಗೆ ಯಾರಿಗೋ ಅವರ ಭಾಷೆಯಲ್ಲಿ ಚಹಾ ತರಲು ಹೇಳಿ, ನನಗೆ ಜಾಗ ಬಿಟ್ಟರು.

"ಯಲಹಂಕ ಮೇಸ್ತ್ರಿ ಮನೇವ್ರಾ? ಮೇಸ್ತ್ರಿ ಹೆಂಗಿದಾರಮ್ಮ?"

"ಕೈ ಹೋಗಿದೆ. ಬಾಯಿ ಚೆನ್ನಾಗಿದೆ."

"ಹಂಗಾದ್ರೆ ಇನ್ನೂ ಬಾಳ ದಿನ ಇರ್ತಾರೆ ಬಿಡಿ."

ಹತ್ತರಿ ಬೇಕು ಅಂದೆ. ಗುಡ್ಡೆಯಿಂದ ಮೂರು ನಾಲ್ಕು ಎಳೆದು ಹಾಕಿದರು. ಎಲ್ಲಾ ಹಳೇವು. ಒಂದಕ್ಕೆ ಕಪ್ಪು ಬಣ್ಣ ಹೊಸದಾಗಿ ಬಳಿದಿತ್ತು.

"ಇದು ತಗೊಳ್ಳಿ ಅಮ್ಮಾ. ಬ್ರಿಟಿಷರ ಕಾಲದ್ದು. ನಿಮ್ ತಾತ ಮುಟ್ಟಿದ ಮಾಲು."

"ನಮ್ ತಾತ ಗಾಡಿ ಚಕ್ರ ಮಾಡೋನು. ಇಂಥದ್ದು ಕಣ್ಣಲ್ಲೂ ಕಂಡಿರಲಿಲ್ಲ."

ಮಡಕೆ ಕೊಳ್ಳುವಾಗ ತಟ್ಟುವ ಹಾಗೆ ಬೀಗದ ಕೈಯಿಂದ ಅದನ್ನು ತಟ್ಟಿದೆ. ಬೊದ್ ಅಂದಿತು. ಬಣ್ಣದ ಕೆಳಗೆ ಬಿರುಕು. ಪಕ್ಕಕ್ಕೆ ಇಟ್ಟೆ. ಸಾಬರು ಅದನ್ನು ಗುಡ್ಡೆಗೆ ವಾಪಸ್ ಎಸೆದರು. ಇನ್ನೊಂದಕ್ಕೆ ಅಲಗೇ ಇರಲಿಲ್ಲ. ಮೂರನೆಯದು ತಟ್ಟಿದರೆ ಗಂಟೆಯ ಹಾಗೆ ಣಂ ಅಂದಿತು. ಮೈಯೆಲ್ಲ ತುಕ್ಕು, ಆದರೆ ತುಕ್ಕು ಮೇಲಿನದು, ಉಗುರಿಗೆ ಎದ್ದು ಬರುತ್ತಿತ್ತು. ಅಲಗು ದಪ್ಪ, ಯಾರೋ ಸಾಣೆ ಹಿಡಿದು ಹಿಡಿದು ಅರ್ಧ ಸವೆಸಿದ್ದರು. ಹಿಂದಿನ ಹಿಡಿ ಬೀಟೆ ಮರದ್ದು, ಗಂಡಸಿನ ಅಂಗೈಗೆ ಮಾಡಿದ್ದು, ನನ್ನ ಬೆರಳು ಸುತ್ತ ಬರಲಿಲ್ಲ. ಎತ್ತಿದರೆ ಭಾರ. ತುಂಬಾ ಭಾರ. ಹೊಸದು ಸರಿಯಿಲ್ಲ, ಹಳೇದು ನನಗಲ್ಲ ಅನ್ನಿಸಿ ಅಲ್ಲೇ ಬಸ್ಸಿನ ಸೀಟಿನ ಮೇಲೆ ಕೂತೆ. ಚಹಾ ಬಂತು, ಕುಡಿದೆ.

ಆಮೇಲೆ ಮುಂದಿನ ಗುಬುಟು ನೋಡಿದೆ. ಅದೂ ಬೀಟೆ. ಮೇಲಿಂದ ಕೆಳಗಿನ ಕಬ್ಬಿಣದವರೆಗೆ ಉದ್ದದ ಬೋಲ್ಟು ಇಳಿದಿತ್ತು. ಚೀಲದಿಂದ ಹಗ್ಗ ತೆಗೆದು ಅದಕ್ಕೆ ಬಿಗಿದೆ.

"ಇದು ಹಿಡ್ಕೊಳ್ಳಿ," ಅಂತ ತುದಿಯನ್ನು ಸಾಬರ ಕೈಗೆ ಕೊಟ್ಟೆ.

"ಯಾಕಮ್ಮಾ?"

"ಎಳೀರಿ. ನಾನು ಈ ಕಡೆ ಹಿಡ್ಕೊತೀನಿ."

ಅವರು ಒಂದು ಸಲ ಬೀದಿ ಕಡೆ ನೋಡಿದರು, ಯಾರಾದರೂ ನೋಡುತ್ತಿದ್ದಾರಾ ಅಂತ. ನೋಡುತ್ತಿದ್ದರು. ಎಳೆದರು.

"ಇನ್ನೂ ಜೋರಾಗಿ. ಊಟ ಮಾಡಿಲ್ವಾ?"

ಸಾಬರು ಚಪ್ಪಲಿ ಬಿಟ್ಟು, ಕಾಲು ಊರಿ ಎಳೆದರು. ನಾನೂ ಕಾಲು ಊರಿದೆ. ಗುಬುಟು ಅಲ್ಲಾಡಲಿಲ್ಲ. "ಇಷ್ಟು ವರ್ಷ ಅಂಗ್ಡಿ ಇಟ್ಟಿದೀನಿ," ಅಂದರು ಏದುಸಿರು ಬಿಡುತ್ತಾ, "ಗಿರಾಕಿ ನನ್ ಕೈಲಿ ಹಗ್ಗ ಜಗ್ಸಿದ್ದು ಇದೇ ಮೊದ್ಲು. ಮನೇಲಿ ಹೇಳಿದ್ರೆ ನಂಬಲ್ಲ."

"ಹೇಳ್ಬೇಡಿ. ಕಟ್ಕೊಡಿ."

ಅದನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ವಾಪಸ್ ಬಂದೆ. ಹೆಬ್ಬಾಳ ದಾಟಿದರೂ ಸೀಟು ಸಿಗಲಿಲ್ಲ. ಚೀಲ ಕೆಳಗೆ ಇಟ್ಟರೆ ಜನ ತುಳಿಯುತ್ತಾರೆ, ಕೈಯಲ್ಲಿ ಹಿಡಿದರೆ ಮಣಿಕಟ್ಟು ನೋಯುತ್ತದೆ. ಹೊಟ್ಟೆಗೆ ಅವುಚಿಕೊಂಡು ನಿಂತೆ. ಯಾರೋ ಹುಡುಗಿ ಎದ್ದು ಜಾಗ ಕೊಟ್ಟಾಗ ಮನೆ ಹತ್ತಿರ ಬಂದಿತ್ತು.

ಹಿಡಿ ದಪ್ಪವಿತ್ತಲ್ಲ, ಅದನ್ನು ಅರದಲ್ಲಿ ಉಜ್ಜಿ ನನ್ನ ಅಂಗೈಗೆ ಸರಿ ಮಾಡಿಕೊಂಡೆ. ಯಜಮಾನರಿಗೆ ಹೊಟ್ಟೆ ಉರಿಯಿತು. "ಅಂಥಾ ಹಳೇ ಹಿಡಿ ಕೆಡಿಸ್ತಾ ಇದೀಯಲ್ಲೇ."

"ಯಾರ ಕೈಗೆ ಮಾಡಿದ್ರೋ ಅವನು ಸತ್ತು ಎಷ್ಟು ವರ್ಷ ಆಯ್ತೋ. ನಾನಿನ್ನೂ ಇದೀನಿ."

ತುಕ್ಕು ತೆಗೆದು, ಎಣ್ಣೆ ಹಚ್ಚಿ, ಅಲಗಿಗೆ ಸಾಣೆ ಹಿಡಿದು ಹಲಗೆಯ ಮೇಲೆ ಇಟ್ಟಾಗ ಇನ್ನೊಂದು ತೊಂದರೆ. ಕುರ್ಚಿಯಲ್ಲಿ ಕೂತು ಎಳೆದರೆ ಹಗ್ಗ ಮೇಲಕ್ಕೆ ಹೋಗುತ್ತದೆ, ಹತ್ತರಿ ಮೂತಿ ಎತ್ತುತ್ತದೆ. ನಾವು ಹಲಗೆಯನ್ನು ನೆಲದ ಮೇಲಿನ ದಿಮ್ಮಿಗೆ ಒತ್ತಿಟ್ಟು ಕೆಲಸ ಮಾಡುವವರು. ಎಳೆಯುವವರು ನೆಲಕ್ಕೇ ಕೂರಬೇಕು. ಲಕ್ವ ಹೊಡೆದ ಮೇಲೆ ಇವರು ನೆಲಕ್ಕೆ ಕೂತಿರಲಿಲ್ಲ.

ಕೂರಿಸಿದೆ. ಕಂಕುಳಿಗೆ ಕೈ ಕೊಟ್ಟು, ಗೋಡೆಗೆ ಒರಗಿಸಿ, ಒಂದು ಹಳೇ ಮಣೆ ಕೆಳಗೆ ಸರಿಸಿ ಕೂರಿಸಿದೆ. ಅದಕ್ಕೇ ನನ್ನ ಅರ್ಧ ಶಕ್ತಿ ಹೋಯಿತು. ಅವರು ನಾನು ಕೂರುತ್ತಿದ್ದ ಜಾಗದಲ್ಲಿ, ನಾನು ಅವರ ಜಾಗದಲ್ಲಿ. ಆ ಕಡೆಯಿಂದ ಶೆಡ್ಡು ಬೇರೆ ಥರ ಕಾಣುತ್ತಿತ್ತು. ಬೆಳಕು ಕಣ್ಣಿಗೆ ಹೊಡೆಯುತ್ತಿರಲಿಲ್ಲ. ಇಷ್ಟು ವರ್ಷ ಬಿಸಿಲಿಗೆ ಮುಖ ಕೊಟ್ಟು ಕೂತವಳು ನಾನೇ ಅಂತ ಆಗ ಗೊತ್ತಾಯಿತು.

"ಹೂಂ," ಅಂದರು ಅವರು, ಎಳೆದರು.

ನಾನಿನ್ನೂ ತಳ್ಳಿರಲಿಲ್ಲ. ಹತ್ತರಿ ನನ್ನ ಕೈ ತಪ್ಪಿಸಿಕೊಂಡು ಮುಂದಕ್ಕೆ ಜಿಗಿದು ಹಲಗೆಯ ಮೇಲೆ ಒಂದು ಗೀರು ಹಾಕಿತು. ಇಬ್ಬರೂ ಆ ಗೀರು ನೋಡಿದೆವು. ಹಲಗೆ ಬೇರೆ ಇಲ್ಲ, ಇರುವುದು ಎರಡೇ.

"ಇನ್ನೊಂದ್ಸಲ. ಹೂಂ."

ಮತ್ತೆ ಹಾಗೇ. ಈ ಸಲ ನಾನು ಹತ್ತರಿಯನ್ನು ಮೇಲಕ್ಕೆತ್ತಿ ಹಿಡಿದಿದ್ದಕ್ಕೆ ಮರ ಉಳಿಯಿತು.

"ನೀವ್ಯಾಕೆ ಹೂಂ ಅಂತೀರಾ?"

"ಮತ್ತ್ಯಾರ್ ಅನ್ಬೇಕು?"

"ತಳ್ಳೋರು."

"ಯಾವಾಗ್ಲೂ ನಾನ್ ತಾನೇ ಅಂತಿದ್ದಿದ್ದು."

"ಯಾವಾಗ್ಲೂ ನೀವೇ ತಳ್ತಿದ್ರಿ. ಈಗ ಯಾರ್ ತಳ್ತಾ ಇರೋದು?"

ಅವರು ಹಗ್ಗ ಕೆಳಗಿಟ್ಟರು. ಟವೆಲಿನಿಂದ ಮುಖ ಒರೆಸಿಕೊಂಡರು. ನನಗೆ ಜಗಳ ಆಡುವ ಶಕ್ತಿ ಇರಲಿಲ್ಲ. ಆಗದಿದ್ದರೆ ಹೇಳಿಬಿಡಲಿ, ಆ ಹೆಂಗಸಿಗೆ ಹಲಗೆ ವಾಪಸ್ ಕಳಿಸೋಣ, ಶೆಡ್ಡಿನಲ್ಲಿ ನೀರಿನ ಕ್ಯಾನ್ ಬರಲಿ, ನಾನು ಮಲಗುತ್ತೇನೆ. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಮೇಲೆ ಶೀಟು ಬಿಸಿಲಿಗೆ ಟಿಕ್ ಟಿಕ್ ಅನ್ನುತ್ತಿತ್ತು.

ಅವರು ಹಗ್ಗ ಮತ್ತೆ ಎಡಗೈಗೆ ಸುತ್ತಿಕೊಂಡರು. ಹತ್ತರಿ ಕಡೆ ನೋಡಲಿಲ್ಲ, ನನ್ನ ಬಾಯಿ ಕಡೆ ನೋಡಿದರು. "ಅನ್ನು," ಅಂದರು.

"ಹೂಂ," ಅಂದೆ.

ನನ್ನ ಗಂಟಲಿಗೆ ಅದು ಅಭ್ಯಾಸವಿರಲಿಲ್ಲ. ಕೆಮ್ಮಿದ ಹಾಗೆ ಬಂತು. ಆದರೂ ಅವರು ಸರಿಯಾಗಿ ಎಳೆದರು. ಹತ್ತರಿಯ ತೂಕ ಅದೇ ಮರವನ್ನು ಅದುಮಿಕೊಂಡಿತು, ನಾನು ಅದುಮಬೇಕಾಗಲಿಲ್ಲ. ಎಳೆ ತಿರುಗುವ ಕಡೆಯಲ್ಲೂ ಕುಣಿಯಲಿಲ್ಲ. ಸಿಪ್ಪೆ ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಆಗಿ ಬಂದು ಅವರ ತೊಡೆ ಮೇಲೆ ಬಿತ್ತು. ಒಬ್ಬಳೇ ಎತ್ತಿದಾಗ ಭಾರ ಅನ್ನಿಸಿದ್ದು ಎದುರಿಗೆ ಒಬ್ಬರು ಎಳೆಯುವಾಗ ಭಾರವಾಗಲಿಲ್ಲ. ಇದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ಅವರು ತೋರಿಸುವುದು ಅಲಗು, ತಿರುಪು, ಬಣ್ಣ.

ಹೊಸದು ಒಳ್ಳೇದಾ, ಹಳೇದು ಒಳ್ಳೇದಾ ಅಂತ ಈಗಲೂ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ನಿನ್ನ ಮನೆಯಲ್ಲಿ ಎಷ್ಟು ಕೈ ಇದೆ ಮೊದಲು ನೋಡಿಕೋ. ಒಬ್ಬಳೇ ಇದ್ದು ಸಣ್ಣ ಕೆಲಸ ಮಾಡುವುದಾದರೆ ನೀಲಿದೇ ಸಾಕು, ತಳ ಉಜ್ಜಿಕೊಂಡರಾಯಿತು. ನಮಗೆ ಹಗ್ಗ ತಡೆಯುವುದು ಬೇಕಿತ್ತು.

ಆಮೇಲಿನ ದಿನಗಳಲ್ಲಿ ಸುಖವೇನೂ ಇರಲಿಲ್ಲ. ಬೆಳಿಗ್ಗೆ ಕೂರಿಸಬೇಕು, ಊಟಕ್ಕೆ ಎಬ್ಬಿಸಬೇಕು, ಮತ್ತೆ ಕೂರಿಸಬೇಕು. ಅವರ ಕಾಲು ಮರಗಟ್ಟುತ್ತಿತ್ತು, ನನ್ನ ನಡು ಹಿಡಿದುಕೊಳ್ಳುತ್ತಿತ್ತು. ಅವರು ಎಳೆಯುವುದರಲ್ಲಿ ಜಾಣರೇನಲ್ಲ. ನಡುನಡುವೆ ದಾರಿಯಲ್ಲಿ ಹೋಗುವವರನ್ನು ನೋಡಿ ಮಾತಾಡಿಸಿ ನನ್ನ ಹೂಂ ತಪ್ಪಿಸುತ್ತಿದ್ದರು. "ಇತ್ಲಾಗ್ ನೋಡಿ," ಅಂತ ಬೈಯುತ್ತಿದ್ದೆ. ಮೊದಲು ಅವರು ನನಗೆ ಅನ್ನುತ್ತಿದ್ದ ಮಾತೇ ಅದು. ಮೊದಲ ದಿನ ಬಿದ್ದ ಗೀರು ಹೋಗುವವರೆಗೆ ಆ ಹಲಗೆಯನ್ನು ಇಳಿಸಬೇಕಾಯಿತು. ಜೋಡಿ ಸಮ ಬರಬೇಕು ಅಂತ ಇನ್ನೊಂದನ್ನೂ ಅಷ್ಟೇ ಇಳಿಸಿದೆವು. ಮಣೆ ಸ್ವಲ್ಪ ತೆಳ್ಳಗಾಯಿತು. ಮೊಳೆ ಕಿತ್ತ ತೂತಿಗೆ ಅದೇ ಮರದ ಚೂರು ಕೂರಿಸಿದೆ. ಕೆಳಗೆ ಅಡ್ಡಪಟ್ಟಿ ಹೊಡೆದು ಕಾಲು ಕೊಟ್ಟದ್ದೂ ನಾನೇ.

ಆ ಹೆಂಗಸು ಬಂದಳು. ಸೀರೆ ಸೆರಗಿನ ಅಂಚನ್ನು ಮಣೆಯ ಮೇಲೆಲ್ಲ ಎಳೆದು ನೋಡಿದಳು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ರೇಷ್ಮೆಗೆ ಅದೇ ಪರೀಕ್ಷೆ.

"ಕೈ ಅಂದ್ರೆ ಅಣ್ಣಂದೇ ಕೈ," ಅಂದಳು.

"ಹೂಂ," ಅಂದರು ನಮ್ಮ ಯಜಮಾನರು.

ನಾನು ಬಾಗಿಲ ಹತ್ತಿರ ಕಂಬ ಹಿಡಿದುಕೊಂಡು ನಿಂತಿದ್ದೆ. ಅವಳು ಬೇಗ ಹೋದರೆ ಸಾಕಾಗಿತ್ತು.

ಅದೇ ಸಂಜೆ ನೀರಿನ ಕ್ಯಾನಿನವನು ಬಂದ. ಇವರ ಎದುರು ನಿಂತು, "ಏನ್ ಯೋಚ್ನೆ ಮಾಡಿದ್ರಿ ಮೇಸ್ತ್ರಿ, ಶೆಡ್ಡು?" ಅಂದ.

ಯಜಮಾನರು ಹೆಬ್ಬೆಟ್ಟನ್ನು ನನ್ನ ಕಡೆ ತಿರುಗಿಸಿದರು. "ಅವಳ್ನ ಕೇಳು. ತಳ್ಳೋಳು ಅವಳು."

ಅವನಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದ.

"ಇಲ್ಲಪ್ಪ," ಅಂದೆ. "ಒಳಗೆ ಕೆಲ್ಸ ನಡೀತಾ ಇದೆ."

ಅವನು ಹೋದ ಮೇಲೆ, ಇನ್ನೂ ಕೆಲಸ ಮಾಡಬೇಕು ಅಂತ ನನ್ನ ಬಾಯಿಂದಲೇ ಬಂತಲ್ಲ ಅನ್ನಿಸಿತು. ಊಟ ಮಾಡದೆ ಮಲಗಿದೆ.

ಮಾರನೆಯ ದಿನ ಬೆಳಿಗ್ಗೆ ಎದ್ದು ಹಂಡೆಗೆ ನೀರು ತುಂಬಿದೆ. ಒಲೆ ಉರಿಗೆ ಎಷ್ಟೋ ದಿನದಿಂದ ಹಲಸಿನ ಸಿಪ್ಪೆಯೇ ಇತ್ತು, ಅದು ಮುಗಿದಿತ್ತು. ಶೆಡ್ಡಿಗೆ ಹೋಗಿ ಮಾವನ ಹತ್ತರಿ ತಂದೆ. ಅಲಗನ್ನು ಬಿಡಿಸಿ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಸಾಬರ ಹತ್ತರಿಯ ಪಕ್ಕ ಇಟ್ಟೆ. ಮರವನ್ನು ಒಲೆ ಮುಂದೆ ಹಾಕಿದೆ.

ಯಜಮಾನರು ಹಾಸಿಗೆಯಿಂದಲೇ ನೋಡಿದರು. "ಆಯುಧ ಕಣೇ ಅದು. ಪೂಜೆ ಮಾಡಿದ್ದು. ಸುಡಬಾರದು."

"ಅಲಗು ಆಯುಧ. ತೆಗೆದಿಟ್ಟಿದೀನಿ. ಮಿಕ್ಕಿದ್ದು ಸೌದೆ."

ಅವರು ಆ ಕಡೆ ತಿರುಗಿ ಮಲಗಿದರು. ಒಲೆಗೆ ಹಾಕಿದೆ. ಗೆದ್ದಲು ತಿಂದ ಮರ ಬೇಗ ಉರಿಯುತ್ತದೆ. ಒಂದು ಹಂಡೆ ನೀರಿಗೂ ಸಾಕಾಗಲಿಲ್ಲ, ಮೇಲೆ ಎರಡು ತೆಂಗಿನ ಚಿಪ್ಪು ಹಾಕಬೇಕಾಯಿತು.